ಹೆಸರು ಬಿಟ್ಟು ಸರ್ವೆ ನಂಬರ್ ಹಿಡಿದೆ

ನಮ್ಮ ಊರು ಬೆಂಗಳೂರಿನ ಪೂರ್ವ ದಿಕ್ಕಿಗಿದೆ. ಅಪಾರ್ಟ್‌ಮೆಂಟುಗಳ ನಡುವೆ ಈಗ ಒಂದು ಕೆರೆ, ಒಂದು ಮಾರಮ್ಮನ ಗುಡಿ, ಹತ್ತಿಪ್ಪತ್ತು ಹಳೆಯ ಮನೆಗಳು ಉಳಿದಿವೆ. ಊರಿಗೆ ಮೊದಲು ಬಂದು ಕಾಡು ಕಡಿದು, ಆ ಕೆರೆ ಕಟ್ಟಿಸಿದವರು ನಮ್ಮ ಹಿರಿಯರೇ ಎಂದು ಮನೆಯಲ್ಲಿ ಹೇಳುತ್ತಾರೆ. ಊರಿನ ಇನ್ನೂ ಮೂರು ಮನೆತನದವರು ತಮ್ಮ ಹಿರಿಯರ ಬಗ್ಗೆ ಇದನ್ನೇ ಹೇಳುತ್ತಾರೆ. ಕಾಗದ ಏನು ಹೇಳುತ್ತದೆ ನೋಡಿಯೇಬಿಡೋಣ ಎಂದು, ನಿವೃತ್ತನಾದ ಮೇಲೆ ಹೊರಟೆ.

ಹೆಸರಿನ ಬೆನ್ನು ಹತ್ತಿದರೆ ನಮ್ಮ ಸೀಮೆಯಲ್ಲಿ ದಿಕ್ಕು ತಪ್ಪುತ್ತದೆ. ನಮ್ಮಲ್ಲಿ ಮನೆತನದ ಹೆಸರನ್ನು ಸೇರಿಸಿಕೊಳ್ಳುವ ರೂಢಿಯಿಲ್ಲ. ಮೊಮ್ಮಗನಿಗೆ ತಾತನ ಹೆಸರು. ಮುನಿಯಪ್ಪ ಬಿನ್ ಹನುಮಪ್ಪ, ಆಮೇಲೆ ಹನುಮಪ್ಪ ಬಿನ್ ಮುನಿಯಪ್ಪ, ಮತ್ತೆ ಮುನಿಯಪ್ಪ ಬಿನ್ ಹನುಮಪ್ಪ. ಸಾಲದ್ದಕ್ಕೆ ಪಕ್ಕದ ಬೀದಿಯಲ್ಲೂ ಒಬ್ಬ ಮುನಿಯಪ್ಪ. ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯ. ಮನುಷ್ಯರು ಅದರ ಜೊತೆಗೆ ಕಡತಕ್ಕೆ ಬಂದವರು. ಆದ್ದರಿಂದ ನಮ್ಮ ಗದ್ದೆಯ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ನಡೆದೆ.

ಕಂಪ್ಯೂಟರ್ ಪಹಣಿ ಸಿಗುವುದು ಕಷ್ಟವಲ್ಲ, ಅದರಿಂದ ತಿಳಿಯುವುದೂ ಹೆಚ್ಚಿಲ್ಲ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾದದ್ದನ್ನು ಬರೆಯುವ ಮ್ಯುಟೇಷನ್ ವಹಿ, ಜಮೀನುಗಳ ಸೂಚಿಯಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಯಾವ ತಾಲೂಕು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಇಂದು ಬೆಂಗಳೂರು ಪೂರ್ವ ತಾಲೂಕಿನಲ್ಲಿರುವ ನಮ್ಮ ಊರು ಹಿಂದೆ ದಕ್ಷಿಣ ತಾಲೂಕಿನಲ್ಲಿತ್ತು. ಪಹಣಿಯಲ್ಲಿ ಎಲ್ಲರೂ ಹೆಸರಿನ ಕಾಲಂ ನೋಡುತ್ತಾರೆ. ನಾನು ಷರಾ ಕಾಲಂ ನೋಡಿ ಎನ್ನುತ್ತೇನೆ. ‘ಪೌತಿ’ ಎಂದಿದ್ದರೆ ಒಬ್ಬರು ತೀರಿಕೊಂಡಿದ್ದಾರೆ. ‘ಪಾಲುಪಟ್ಟಿ ರೀತ್ಯ’ ಎಂದಿದ್ದರೆ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ.

ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಇನ್ನೂ ರುಚಿಕರ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಮೂಲ ಅಳತೆಯಲ್ಲಿ ಇಡಿಯಾಗಿದ್ದ ನಂಬರು ಪೋಡಿಯಾಗುತ್ತಾ, ಎಂದರೆ ಭಾಗವಾಗುತ್ತಾ, ಬಾರ್ ಒಂದು, ಬಾರ್ ಎರಡು ಎಂದು ಒಡೆಯುತ್ತದೆ. ಪ್ರತಿ ಪೋಡಿಯ ಹಿಂದೆ ಒಂದು ಒಲೆ ಎರಡಾದ ಕಥೆಯಿದೆ. ಮನೆಯಲ್ಲಿ ‘ದೂರದ ದಾಯಾದಿಗಳು’ ಎನ್ನುತ್ತಿದ್ದವರು ನಮ್ಮ ಮುತ್ತಾತನ ಸ್ವಂತ ತಮ್ಮನ ಮಕ್ಕಳು ಎಂದು ನನಗೆ ಗೊತ್ತಾದದ್ದು ಹೀಗೆಯೇ. ಯಾಕೆ ದೂರದವರಾದರು ಎಂಬುದನ್ನು ಸರ್ವೆಯವರು ಬರೆದಿಲ್ಲ.

ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. ಸ್ಥಿರಾಸ್ತಿ ಪತ್ರಗಳ ನಕಲು ಇರುವ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರಾದರೂ ನೋಡಬಹುದೆಂದು 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹೇಳುತ್ತದೆ. ಆ ಕಲಮನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ. ನಾನು ಹೋದ ಕಡೆ ಗುಮಾಸ್ತರಿಗೆ ಅದನ್ನು ಓದಿ ಹೇಳಬೇಕಾಯಿತು. ನೂರು ರೂಪಾಯಿಗಿಂತ ಕಡಿಮೆ ಬೆಲೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲವಾದ್ದರಿಂದ ಎಷ್ಟೋ ವ್ಯವಹಾರಗಳು ಅಲ್ಲಿ ಸಿಗುವುದೇ ಇಲ್ಲ.

ಸಿಕ್ಕಿದ್ದರಲ್ಲಿ ಒಂದು ಭೋಗ್ಯ ಪತ್ರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ವಿಳಂಬಿ ಸಂವತ್ಸರದ ಮಾಘ ಮಾಸದ್ದು. ಎಂದರೆ 1899ರ ಆರಂಭ. ಬರೆದುಕೊಟ್ಟವಳು ಒಬ್ಬ ವಿಧವೆ, ‘ಮೈನರ್ ಮಗನ ಗಾರ್ಡಿಯನ್ ತಾಯಿ’. ಆ ಮೈನರ್ ನನ್ನ ಮುತ್ತಾತ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಕೆರೆಯ ಕೆಳಗಿನ ಗದ್ದೆಯನ್ನು ನೂರೈವತ್ತು ರೂಪಾಯಿಗೆ ಭೋಗ್ಯಕ್ಕೆ ಹಾಕಿ ಹೆಬ್ಬೆಟ್ಟು ಒತ್ತಿದ್ದಾಳೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಗಂಡ ಅದರಲ್ಲೇ ಹೋದನೆ? ಪತ್ರದಲ್ಲಿ ಕಾರಣವಿಲ್ಲ, ನನ್ನ ವಂಶವೃಕ್ಷದಲ್ಲಿ ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಬಿಟ್ಟಿದ್ದೇನೆ. ಪತ್ರದ ಕೊನೆಯಲ್ಲಿ ಬಿಕ್ಕಲಂ, ಎಂದರೆ ಪತ್ರ ಬರೆದವನ ರುಜು, ಹಾಕಿದವನು ಊರಿನ ಲೆಕ್ಕ ಬರೆಯುವ ಶಾನುಭೋಗ. ಸಾಕ್ಷಿಗಳಲ್ಲಿ ಒಬ್ಬ ಮಾತ್ರ ಹೊಸಕೋಟೆ ತಾಲೂಕಿನ ಒಂದು ಹಳ್ಳಿಯವನು. ಅಷ್ಟು ದೂರದವನಿಗೆ ಇಲ್ಲೇನು ಕೆಲಸ ಎಂದು ಆ ಹಳ್ಳಿಗೆ ಹೋಗಿ ವಿಚಾರಿಸಿದರೆ, ಅವಳ ತವರು ಅದೇ. ಸಾಕ್ಷಿ ಹಾಕಿದವನು ಅಣ್ಣ. ಹೆಂಗಸರ ಕಡೆಯ ಸಂಬಂಧ ಹುಡುಕುವವರು ಸಾಕ್ಷಿಗಳ ಊರನ್ನು ಬಿಡದೆ ಬರೆದುಕೊಳ್ಳಬೇಕು. ಕಂದಾಯದ ವಹಿಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಹೆಂಗಸರೆಲ್ಲ ಗಂಡ ಸತ್ತ ಮೇಲೆ ಕಾಣಿಸಿಕೊಂಡವರೇ.

ಕೆರೆಯ ವಿಷಯಕ್ಕೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದೆ. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿಸಿದವರಿಗೆ ಕೊಡುತ್ತಿದ್ದ ಭೂಮಿಗೆ ಕೊಡಗಿ ಇನಾಂ ಎಂದು ಹೆಸರು. 1860ರ ದಶಕದಲ್ಲಿ ಇನಾಂ ಕಮಿಷನ್ ಕೂತು ಇಂತಹ ಇನಾಂಗಳ ಹಕ್ಕನ್ನು ತನಿಖೆ ಮಾಡಿತು. ನಮ್ಮ ಊರಿನ ಕೊಡಗಿಯ ನಮೂದು ಸಿಕ್ಕಿತು. ಅದರಲ್ಲಿ ಇಬ್ಬರ ಹೆಸರಿದೆ: ಒಬ್ಬ ನಮ್ಮವನು, ಇನ್ನೊಬ್ಬ ಎದುರು ಮನೆಯವರ ಹಿರಿಯ. ನಮ್ಮವರು ಕೆರೆ ಕಟ್ಟಿದರೋ ಒಡೆದ ಏರಿಯನ್ನು ಕಟ್ಟಿಸಿದರೋ ಅದರಿಂದ ತಿಳಿಯುವುದಿಲ್ಲ. ಏರಿಯ ಮೇಲೆ ಒಂದು ಶಾಸನವೂ ಇದೆ, ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅದರ ಪಾಠವೂ ಇದೆ. ಅದರಲ್ಲಿ ಬರುವ ಗವುಡ ನಮ್ಮವನೇ ಎಂದು ನನ್ನ ಚಿಕ್ಕಪ್ಪ ಪಟ್ಟು ಹಿಡಿದಿದ್ದಾರೆ. ನಡುವಿನ ನಾಲ್ಕು ಶತಮಾನಕ್ಕೆ ಒಂದು ಚೀಟಿಯೂ ಇಲ್ಲ. ನಾನು ಒಪ್ಪಿಲ್ಲ.

ಕಾಗದ ನಿಂತಲ್ಲಿಂದ ಮುಂದಕ್ಕೆ, ಮನೆತನಗಳ ವಂಶಾವಳಿ ಹೇಳುವ ಹೆಳವರು. ಸುಗ್ಗಿ ಕಳೆದ ಮೇಲೆ ಎತ್ತಿನ ಮೇಲೆ ಬಂದು ವಂಶ ಹೊಗಳುತ್ತಿದ್ದವರ ಮೊಮ್ಮಗ ಈಗ ಬೈಕಿನಲ್ಲಿ ಬರುತ್ತಾನೆ. ನಾವು ಕಂಚಿ ಸೀಮೆಯಿಂದ ಬಂದವರು ಎಂದ. ಈ ಕಡೆಯ ಎಷ್ಟು ಮನೆಗಳಿಗೆ ಹಾಗೆ ಹೇಳಿದ್ದಾನೋ. ಆದರೆ ಇನಾಂ ಕಾಲದ ಅಣ್ಣತಮ್ಮಂದಿರನ್ನು ಅವನು ಹೇಳಿದ ಸರದಿಯೂ ಕಡತದ ಸರದಿಯೂ ಒಂದೇ ಇತ್ತು. ಅವನ ಮಾತನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಇಷ್ಟರಲ್ಲಿ ನಾನು ಹಳೆಯ ಪಹಣಿ ತೆಗೆಸುತ್ತಿರುವ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಬೆಂಗಳೂರಿನ ಅಂಚಿನಲ್ಲಿ ಗುಂಟೆಗೆ ಇಂದಿರುವ ಬೆಲೆಯಲ್ಲಿ, ವಂಶವೃಕ್ಷ ಬರೆಯುವವನನ್ನು ಪಾಲು ಕೇಳುವವನೆಂದೇ ತಿಳಿಯುತ್ತಾರೆ. ದಾಯಾದಿಗಳ ಮನೆಗೆ ಹೋಗಿ ಎಲ್ಲ ಪ್ರತಿಗಳನ್ನೂ ಮುಂದಿಟ್ಟೆ, ಬೇಕೆಂದವರಿಗೆ ಜೆರಾಕ್ಸ್ ಕೊಟ್ಟೆ. ಕಾಫಿ ಕೊಟ್ಟು ಕಳಿಸಿದರು. ಆ ಜೆರಾಕ್ಸ್ ಮರುದಿನವೇ ವಕೀಲರ ಬಳಿ ಹೋಯಿತೆಂದು ಚಿಕ್ಕಪ್ಪ ಹೇಳುತ್ತಾರೆ.