ಊರಿನಲ್ಲಿ ಲಕ್ವ ಹೊಡೆದ ಹಿರಿಯರನ್ನು ಎಣಿಸುವ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಒಂದು ಗ್ರಾಮದಲ್ಲಿ 60 ದಾಟಿದವರ ಪೈಕಿ ಎಷ್ಟು ಮಂದಿಗೆ ಪಾರ್ಶ್ವವಾಯು ಆಗಿದೆ ಎಂದು ತಿಳಿಯಲು ಆಸ್ಪತ್ರೆಯ ದಾಖಲೆ ಸಾಲದು. ಮನೆಯಲ್ಲೇ ಎಣ್ಣೆ ಉಜ್ಜಿಸಿಕೊಂಡು ಮಲಗಿದವರು ಅದರಲ್ಲಿ ಇರುವುದಿಲ್ಲ. ಮನೆಮನೆಗೆ ಹೋಗುವುದೇ ದಾರಿ.

ಮೊದಲು ಹಿರಿಯರ ಒಟ್ಟು ಸಂಖ್ಯೆ ಸರಿಯಾಗಿರಬೇಕು. ಮತದಾರರ ಪಟ್ಟಿಯಲ್ಲಿ ವಯಸ್ಸು ಸಿಗುತ್ತದೆಯಾದರೂ, ತೋಟದ ಲೈನ್ ಮನೆಗಳಲ್ಲಿರುವ ಹೊರಗಿನವರು ಅದರಲ್ಲಿ ಬಿಟ್ಟುಹೋಗಬಹುದಾದ್ದರಿಂದ ಆಶಾ ಕಾರ್ಯಕರ್ತೆಯರ ಕುಟುಂಬ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆಯೇ ಹೋಗಬೇಕು. ಹಗಲು ಹೋದರೆ ವಿಷಯ ತಿಳಿದ ಮಗ, ಸೊಸೆ ತೋಟದಲ್ಲಿರುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಪ್ರಶ್ನೆಯಲ್ಲಿ. "ಪಾರ್ಶ್ವವಾಯು ಆಗಿದೆಯೇ?" ಎಂದು ಕೇಳಬಾರದು. "ಯಾವತ್ತಾದ್ರೂ ಇದ್ದಕ್ಕಿದ್ದಂಗೆ ಬಾಯಿ ಸೊಟ್ಟಗಾಗಿತ್ತಾ ಅಜ್ಜಿ? ಒಂದು ಕಡೆ ಕೈಕಾಲು ಸ್ವಾಧೀನ ತಪ್ಪಿತ್ತಾ? ಮಾತು ತೊದಲಿತ್ತಾ?" ಎಂದು ಬಿಡಿಬಿಡಿಯಾಗಿ ಕೇಳಬೇಕು. ಅಜ್ಜಿ "ನಂಗೇನೂ ಆಗಿಲ್ಲ" ಎನ್ನುತ್ತಿರುವಾಗಲೇ ಕಾಫಿ ಲೋಟಕ್ಕೆ ಎಡಗೈ ಮಾತ್ರ ಚಾಚಿ, ಬಲಗೈ ಮಡಿಲಲ್ಲೇ ಮುದುಡಿಕೊಂಡಿದ್ದರೆ ಸೊಸೆಯನ್ನು ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ತೊಂದರೆ 24 ಗಂಟೆಯೊಳಗೆ ಪೂರ್ತಿ ಇಳಿದಿದ್ದರೆ ಅದನ್ನು ಬೇರೆ ಕಲಂನಲ್ಲಿ ಬರೆದು, ಮುಂದೆ ಬರಬಹುದಾದ ಲಕ್ವದ ಮುನ್ಸೂಚನೆಯೆಂದು ತಿಳಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಕೈಕಾಲು ಸರಿಯಿದ್ದು, ಹಣೆಯೂ ಸೇರಿ ಮುಖದ ಒಂದು ಪಾರ್ಶ್ವವಷ್ಟೇ ಬಿದ್ದಿದ್ದರೆ ಅದು ಮುಖದ ನರದ ತೊಂದರೆಯಾಗಿರಬಹುದು. ವೈದ್ಯರು ನೋಡುವ ತನಕ ಲೆಕ್ಕಕ್ಕೆ ಸೇರಿಸಬಾರದು. ಲಕ್ಷಣ ಈಗಷ್ಟೇ ಕಾಣಿಸಿಕೊಂಡಿದ್ದರೆ ಪಟ್ಟಿ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆಯೇ ಕೊಡುವುದರಿಂದ, ಘಾಟಿಯ ದಾರಿಯ ಹೊತ್ತೂ ಅದರಲ್ಲೇ ಕಳೆಯುತ್ತದೆ.

ಲೆಕ್ಕ ಸುಲಭ. ಉದಾಹರಣೆಗೆ 412 ಹಿರಿಯರಲ್ಲಿ 9 ಮಂದಿಗೆ ಆಗಿದ್ದರೆ ಸಾವಿರಕ್ಕೆ ಸುಮಾರು 22. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ನಿಜವಾದ ಪ್ರಮಾಣ ಸಾವಿರಕ್ಕೆ 10ರಿಂದ 41ರವರೆಗೆ ಎಲ್ಲಿಯಾದರೂ ಇರಬಹುದಾದ್ದರಿಂದ, ಪಕ್ಕದ ಊರಿಗಿಂತ ನಮ್ಮಲ್ಲಿ ಕಡಿಮೆ ಎಂದು ಬೀಗುವುದು ಬೇಡ. ಮೇಲಾಗಿ ಇದು ಬದುಕಿರುವವರ ಎಣಿಕೆ. ಲಕ್ವ ಹೊಡೆದವರು ಬೇಗ ಸಾಯುವ ಊರಿನಲ್ಲಿಯೂ ಸಂಖ್ಯೆ ಚಿಕ್ಕದಾಗಿಯೇ ಕಾಣುತ್ತದೆ. ಆದ್ದರಿಂದ ಹಿಂದಿನ ಒಂದು ವರ್ಷದಲ್ಲಿ ಆ ಮನೆಯಲ್ಲಿ ತೀರಿಕೊಂಡ ಹಿರಿಯರಿಗೂ ಇವೇ ಪ್ರಶ್ನೆಗಳನ್ನು ಅನ್ವಯಿಸಿ, ಉತ್ತರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಬೇಕು.