ಫೋಟೊದ ಚುಕ್ಕಿಗೆ ಆಕಾಶದಲ್ಲಿ ಯಾವ ವಿಳಾಸ?

ಗದ್ದೆ ಕೊಯ್ಲು ಮುಗಿದು ಮಲೆನಾಡಿನ ಆಕಾಶ ತಿಳಿಯಾಗುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ರಾತ್ರಿ ಆಕಾಶದ ಫೋಟೊ ತೆಗೆದು ಅದರಲ್ಲಿನ ನಕ್ಷತ್ರಗಳ ಸ್ಥಾನ ಕಂಡುಹಿಡಿಯುವ ಕೆಲಸಕ್ಕೆ ಒಳ್ಳೆಯ ಕಾಲ. ಫೋಟೊದಲ್ಲಿ ಬಿದ್ದ ನಕ್ಷತ್ರಗಳ ವಿಷುವದಂಶ, ಘಂಟಾವೃತ್ತಾಂಶಗಳನ್ನು, ಅಂದರೆ ಆಕಾಶದ ರೇಖಾಂಶ, ಅಕ್ಷಾಂಶಗಳನ್ನು, ತಂತ್ರಾಂಶವೇ ಲೆಕ್ಕ ಹಾಕಿಕೊಡುತ್ತದೆ. ಇದಕ್ಕೆ ಪ್ಲೇಟ್ ಸಾಲ್ವಿಂಗ್ ಎನ್ನುತ್ತಾರೆ. ಗಾಜಿನ ಫಲಕದ ಮೇಲೆ ಫೋಟೊ ತೆಗೆಯುತ್ತಿದ್ದ ಕಾಲದಿಂದ ಉಳಿದ ಹೆಸರು. ಇದನ್ನು ಮಾಡಿಕೊಡುವ ಆಸ್ಟ್ರೋಮೆಟ್ರಿ ಡಾಟ್ ನೆಟ್ ಜಾಲತಾಣ, ಆಸ್ಟ್ಯಾಪ್ ತಂತ್ರಾಂಶ ಎರಡೂ ಉಚಿತ. ನೆಟ್‌ವರ್ಕ್ ಸಿಗದ ಊರಾದರೆ ಆಸ್ಟ್ಯಾಪ್ ಜೊತೆಗೆ ಅದರ ನಕ್ಷತ್ರ ಪಟ್ಟಿಯನ್ನೂ ಮೊದಲೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ.

ಮೊದಲ ಫೋಟೊ ರೋಹಿಣಿಯದಾಗಲಿ. ಅದರ ಘಂಟಾವೃತ್ತಾಂಶ ಸುಮಾರು 16.5 ಡಿಗ್ರಿ, ಶಿವಮೊಗ್ಗದ ಅಕ್ಷಾಂಶ ಸುಮಾರು 14. ಹಾಗಾಗಿ ಜನವರಿ ನಡುವಿನಲ್ಲಿ ರಾತ್ರಿ 9.30ರ ಹೊತ್ತಿಗೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಅಡಿಕೆ ಮರದ ತಲೆ ಅಡ್ಡ ಬರುವುದಿಲ್ಲ, ದಿಗಂತದ ಬಳಿ ನಕ್ಷತ್ರವನ್ನು ಮೇಲೆತ್ತಿ ತೋರಿಸುವ ವಾಯುಮಂಡಲದ ವಕ್ರೀಭವನವೂ ಕಾಡುವುದಿಲ್ಲ.

50 ಮಿ.ಮೀ. ಲೆನ್ಸ್, ಟ್ರೈಪಾಡ್, ಎಫ್ 2.8, ಐಎಸ್ಒ 1600, 4 ಸೆಕೆಂಡ್. ಅದಕ್ಕಿಂತ ಹೆಚ್ಚು ಬೇಡ: ಆಕಾಶ ಸೆಕೆಂಡಿಗೆ 15 ವಿಕಲೆ (ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ) ತಿರುಗುತ್ತದೆ, ಚುಕ್ಕಿ ಗೆರೆಯಾಗುತ್ತದೆ. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ನಕ್ಷತ್ರ ಅತಿ ಚಿಕ್ಕದಾಗುವವರೆಗೆ ಫೋಕಸ್ ತಿರುಗಿಸಿ, ಉಂಗುರಕ್ಕೆ ಟೇಪ್ ಅಂಟಿಸಿ. ಇಬ್ಬನಿ ಒರೆಸುವಾಗ ಅದು ಕದಲುವುದೇ ಹೆಚ್ಚು.

ಇನ್ನು ಲೆಕ್ಕ. ಒಂದು ಪಿಕ್ಸೆಲ್‌ಗೆ ಎಷ್ಟು ವಿಕಲೆ ಎಂಬುದನ್ನು ಹೇಳಿದರೆ ತಂತ್ರಾಂಶದ ಹುಡುಕಾಟ ಬಹಳ ಕಡಿಮೆಯಾಗುತ್ತದೆ. 206.265ನ್ನು ಪಿಕ್ಸೆಲ್‌ನ ಮೈಕ್ರಾನ್ ಅಳತೆಯಿಂದ ಗುಣಿಸಿ, ಲೆನ್ಸ್‌ನ ಮಿ.ಮೀ. ಫೋಕಲ್ ಲೆಂತ್‌ನಿಂದ ಭಾಗಿಸಿ. 3.72 ಮೈಕ್ರಾನ್ ಪಿಕ್ಸೆಲ್, 50 ಮಿ.ಮೀ. ಲೆನ್ಸ್ ಆದರೆ 15.3 ವಿಕಲೆ. ಮಿತಿಯಾಗಿ 14 ಮತ್ತು 17 ಕೊಡಿ. ಫೋಟೊ ಮೊಬೈಲ್ ಮೆಸೇಜ್‌ನಲ್ಲಿ ಬಂದಿದ್ದರೆ ಈ ಲೆಕ್ಕ ಕೆಡುತ್ತದೆ: 6000 ಪಿಕ್ಸೆಲ್ ಅಗಲದ್ದು 1500ಕ್ಕೆ ಕುಗ್ಗಿದರೆ ಅಳತೆ 61 ವಿಕಲೆಗೆ ಏರುತ್ತದೆ. ಅಂಚು ಕತ್ತರಿಸಿದರೆ ಮಾತ್ರ ಏನೂ ಬದಲಾಗದು.

ಆಸ್ಟ್ರೋಮೆಟ್ರಿ ಡಾಟ್ ನೆಟ್ ನಾಲ್ಕು ನಾಲ್ಕು ನಕ್ಷತ್ರಗಳ ಗುಂಪು ಮಾಡುತ್ತದೆ. ಹೆಚ್ಚು ದೂರವಿರುವ ಎರಡನ್ನು ಆಧಾರವಾಗಿಟ್ಟು ಉಳಿದೆರಡು ಎಲ್ಲಿವೆ ಎಂದು ಅಳೆದು, ಆ ಆಕಾರವನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಕ್ಯಾಮೆರಾ ಓರೆಯಾಗಿದ್ದರೂ ಆಕಾರ ಅದೇ. ಕೆಡಿಸುವುದು ಸುಳ್ಳು ಚುಕ್ಕಿಗಳು. ರಾತ್ರಿ ಅಡಿಕೆ ಸುಲಿಯುವ ಮನೆಯ ಬಲ್ಬು, ಎಲೆಗಳ ಸಂದಿಯ ಬೆಳಕು ಎಲ್ಲವನ್ನೂ ಅದು ಪ್ರಕಾಶಮಾನ ನಕ್ಷತ್ರವೆಂದೇ ಎಣಿಸುತ್ತದೆ. ಉತ್ತರ ಸಿಗದಿದ್ದರೆ ಮೊದಲು ಆ ಭಾಗವನ್ನು ಕತ್ತರಿಸಿ ತೆಗೆಯಿರಿ.

ಉತ್ತರ ಸಿಕ್ಕಿತೆಂದು ನಂಬಿ ಬಿಡಬೇಡಿ. ರೋಹಿಣಿಯ ಮೇಲೆ ಕರ್ಸರ್ ಇಟ್ಟರೆ ವಿಷುವದಂಶ (ಇದನ್ನು ಗಂಟೆಗಳಲ್ಲಿ ಅಳೆಯುತ್ತಾರೆ) 4 ಗಂಟೆ 35 ನಿಮಿಷ 55 ಸೆಕೆಂಡ್, ಘಂಟಾವೃತ್ತಾಂಶ ಉತ್ತರಕ್ಕೆ 16 ಡಿಗ್ರಿ 30 ಕಲೆಯ ಹತ್ತಿರ ಬರಬೇಕು. ಫಲಿತಾಂಶದ ಫೈಲನ್ನು ಬೇರೆ ತಂತ್ರಾಂಶದಲ್ಲಿ ತೆರೆದಾಗ ಖಾಲಿ ಜಾಗಕ್ಕೆ ರೋಹಿಣಿಯ ವಿಳಾಸ ಬಿದ್ದರೆ, ಪಿಕ್ಸೆಲ್ ಸಾಲುಗಳ ಎಣಿಕೆ ಒಂದರಲ್ಲಿ ಮೇಲಿನಿಂದ, ಇನ್ನೊಂದರಲ್ಲಿ ಕೆಳಗಿನಿಂದ ಶುರುವಾಗಿರಬಹುದು. ಚಿತ್ರದ ಎತ್ತರದಿಂದ ಸಾಲಿನ ಸಂಖ್ಯೆಯನ್ನು ಕಳೆದು ನೋಡಿ. ಮೂಲೆಗಳಲ್ಲಷ್ಟೇ ತಪ್ಪಿದರೆ ಅದು ಲೆನ್ಸ್‌ನ ಬಾಗು, ಅಳೆಯಬೇಕಾದ ನಕ್ಷತ್ರವನ್ನು ನಡುವಿಗೆ ತನ್ನಿ. ಎಲ್ಲವೂ ಒಂದೇ ಕಡೆಗೆ ಸುಮಾರು 20 ಕಲೆ ಸರಿದಂತೆ ಕಂಡರೆ ತಪ್ಪು ಫೋಟೊದ್ದಲ್ಲ. ತಂತ್ರಾಂಶ ಕೊಡುವುದು 2000ನೇ ಇಸವಿಯ ಚೌಕಟ್ಟಿನ ಸ್ಥಾನ. ಭೂಮಿಯ ಅಕ್ಷದ ಓಲಾಟದಿಂದ ವರ್ಷಕ್ಕೆ ಸುಮಾರು 50 ವಿಕಲೆ ವ್ಯತ್ಯಾಸ ಬೆಳೆಯುತ್ತದೆ, ನೀವು ಹೋಲಿಸುತ್ತಿರುವ ಟೆಲಿಸ್ಕೋಪ್ ಇಂದಿನ ಸ್ಥಾನ ತೋರಿಸುತ್ತಿದೆ.