ಕಾಲಿಗೆ ನೆಲ ಸಿಕ್ಕ ಮೇಲೆ

ಏಳು ವರ್ಷದ ಆ ಹುಡುಗಿ ಬಂದ ದಿನ ತಾಯಿಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಮಕ್ಕಳ ವೈದ್ಯರ ಚೀಟಿ, ಮೂತ್ರ ಪರೀಕ್ಷೆಯ ಫಲಿತಾಂಶ, ಸ್ಕ್ಯಾನ್ ವರದಿ. ಇನ್ನೊಂದರಲ್ಲಿ ಮಡಿಸಿಟ್ಟ ಎರಡು ಚಡ್ಡಿ, ಒಂದು ಲಂಗ. “ಬೇಕೆಂದೇ ಮಾಡುತ್ತಾಳೆ ಮೇಡಂ. ಒಂದಕ್ಕೆ ಹೋಗು ಎಂದರೆ ಬರುತ್ತಿಲ್ಲ ಎನ್ನುತ್ತಾಳೆ, ಐದು ನಿಮಿಷಕ್ಕೆ ಒದ್ದೆ” ಎಂದರು ತಾಯಿ. ಹುಡುಗಿ ನೆಲ ನೋಡುತ್ತಿದ್ದಳು. ಅವಳ ಎದುರಿಗೇ ನಾನು ಹೇಳಿದೆ: “ಇವಳು ಬೇಕೆಂದು ಮಾಡುತ್ತಿಲ್ಲ. ಇಂದಿನಿಂದ ಮನೆಯಲ್ಲಿ ಯಾರೂ ಇದಕ್ಕಾಗಿ ಬೈಯಬಾರದು.” ಇಂಥ ಮಕ್ಕಳಿಗೆ ನಾನು ಕೊಡುವ ಮೊದಲ ಚಿಕಿತ್ಸೆ ಇದೇ.

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನನ್ನ ಬಳಿ ಹೆಚ್ಚಾಗಿ ಬರುವುದು ಮಂಡಿನೋವು, ಬೆನ್ನುನೋವು, ಪಾರ್ಶ್ವವಾಯು. ಒಂದಕ್ಕೆ, ಎರಡಕ್ಕೆ ಹೋಗುವ ತೊಂದರೆಗೆ ಫಿಸಿಯೋಥೆರಪಿ ಇದೆಯೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ಮೂತ್ರಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಹಾಸು ಒಂದಿದೆ, ಅದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತೇವೆ. ಹಿಡಿದುಕೊಳ್ಳುವಾಗ ಅದು ಬಿಗಿಯಾಗಬೇಕು, ಬಿಡುವಾಗ ಸಡಿಲವಾಗಬೇಕು. ಹಿಡಿದು ಹಿಡಿದು ರೂಢಿಯಾದ ಮಗುವಿಗೆ ಬಿಡುವುದೇ ಮರೆತುಹೋಗಿರುತ್ತದೆ.

ಮೊದಮೊದಲು ನಾನೂ ಇಲ್ಲಿ ತಪ್ಪಿದ್ದೇನೆ. ಈ ಸ್ನಾಯುಗಳನ್ನು ಬಿಗಿಹಿಡಿದು ಬಲಪಡಿಸಲು ಬಾಣಂತಿಯರಿಗೆ ಕಲಿಸುವ ಕೆಗೆಲ್ ವ್ಯಾಯಾಮವನ್ನೇ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಕಲಿಸಿದ್ದೆ. ಮೊದಲೇ ಬಿಗಿಯಾಗಿದ್ದ ಸ್ನಾಯುವನ್ನು ಇನ್ನಷ್ಟು ಬಿಗಿಯಲು ಹೇಳಿದಂತಾಯಿತು, ಅವನ ಮಲಬದ್ಧತೆ ಹೆಚ್ಚಿತು. ಆ ಹುಡುಗನ ಮುಖ ನನಗೆ ಇಂದಿಗೂ ನೆನಪಿದೆ. ಸ್ನಾಯು ಹೇಗಿದೆ ಎಂದು ತಿಳಿಯದೆ ಅಂದಿನಿಂದ ಯಾವ ಮಗುವಿಗೂ ಆ ವ್ಯಾಯಾಮ ಹೇಳಿಲ್ಲ.

ಈ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಸೊಂಟದ ಕೆಳಗೆ ಬೆನ್ನುಮೂಳೆಯ ಮೇಲೆ ಕೂದಲಿನ ಗುಚ್ಛವೋ ಗುಳಿಯೋ ಇದೆಯೇ, ನಡಿಗೆ ಸರಿಯಿದೆಯೇ ಎಂದು ನೋಡಿದೆ. ಹಾಗೇನಾದರೂ ಕಂಡರೆ ಬೆನ್ನುಹುರಿಯ ತೊಂದರೆ ಇರಬಹುದು, ಆಗ ನಾನು ಮುಂದುವರಿಯದೆ ಮಗುವನ್ನು ವೈದ್ಯರಿಗೇ ಹಿಂದಿರುಗಿಸುತ್ತೇನೆ. ಎಲ್ಲವೂ ಸರಿಯಿತ್ತು. ಆಡುವಾಗ ಏನು ಮಾಡುತ್ತಾಳೆ ಎಂದು ಕೇಳಿದೆ. ಕುಂಟೆಬಿಲ್ಲೆ ಆಡುತ್ತಾ ಆಡುತ್ತಾ ತಟ್ಟನೆ ಕುಳಿತು ಹಿಮ್ಮಡಿಯನ್ನು ಮೂತ್ರದ ಜಾಗಕ್ಕೆ ಒತ್ತಿಕೊಳ್ಳುತ್ತಾಳೆ ಎಂದರು ತಾಯಿ. ಮೂತ್ರ ಜಿನುಗದಂತೆ ಮಗು ತಾನೇ ಕಂಡುಕೊಂಡ ಉಪಾಯ ಅದು. ನೋಡುವವರಿಗೆ ತುಂಟತನದಂತೆ ಕಾಣುತ್ತದೆ, ಅಷ್ಟೇ.

ಎರಡು ದಿನ ಅಳತೆಯ ಲೋಟದಲ್ಲಿ ಮೂತ್ರ ಹಿಡಿದು ಬರೆದುಕೊಂಡು ಬನ್ನಿ ಎಂದೆ. ಮಗುವಿನ ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬೇಕು ಎಂಬ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240. ಇವಳದು ಭಾನುವಾರ ಹನ್ನೊಂದು ಬಾರಿ, ಪ್ರತಿ ಸಲವೂ 50, 60, 70. ಶಾಲೆಯ ದಿನ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಒಂದು ಬಾರಿಯೂ ಇಲ್ಲ.

ಆದರೆ ನನ್ನ ಗಮನ ಸೆಳೆದದ್ದು ಅದೇ ಹಾಳೆಯ ಪಕ್ಕದ ಕಾಲಂ, ಮಲದ್ದು. ಮಲದ ಆಕಾರವನ್ನು ಏಳು ಬಗೆಯಾಗಿ ತೋರಿಸುವ ಬ್ರಿಸ್ಟಲ್ ಚಾರ್ಟ್ ಕೊಟ್ಟಿದ್ದೆ. ತಾಯಿ ಗುರುತು ಹಾಕಿದ್ದು ಮೊದಲನೆಯದಕ್ಕೆ, ಅಂದರೆ ಆಡಿನ ಹಿಕ್ಕೆಯಂತೆ ಗಟ್ಟಿಯಾದದ್ದಕ್ಕೆ. ಅದೂ ನಾಲ್ಕು ದಿನಕ್ಕೊಮ್ಮೆ ಎಂದರು. ನಡುವೆ ಚಡ್ಡಿಯಲ್ಲಿ ತೆಳುವಾದ ಕಲೆ. “ಭೇದಿ ಎಂದುಕೊಂಡು, ಮಲಬದ್ಧತೆಗೆ ವೈದ್ಯರು ಕೊಟ್ಟಿದ್ದ ಪುಡಿಯನ್ನು ನಾವೇ ನಿಲ್ಲಿಸಿದೆವು” ಎಂದರು ಜೊತೆಗೆ ಬಂದಿದ್ದ ಅಜ್ಜಿ. ಅವರದು ಭದ್ರಾ ನಾಲೆಯ ಕೆಳಗೆ ಗದ್ದೆ ಇರುವ ಮನೆ. “ಅಜ್ಜಿ, ಕಾಲುವೆಗೆ ಬಂಡೆ ಉರುಳಿಬಿದ್ದರೆ ನೀರು ಏನು ಮಾಡುತ್ತದೆ?” ಎಂದು ಕೇಳಿದೆ. “ಪಕ್ಕದಿಂದ ನುಸಿಯುತ್ತದೆ” ಎಂದವರೇ ಸುಮ್ಮನಾದರು. ಗುದನಾಳದಲ್ಲಿ ಕೂತ ಗಟ್ಟಿ ಮಲದ ಪಕ್ಕದಿಂದ ನುಸಿದದ್ದನ್ನೇ ಭೇದಿ ಎಂದುಕೊಂಡಿದ್ದರು. ಅದೇ ಮಲ ಮುಂದಿರುವ ಮೂತ್ರಕೋಶವನ್ನು ಒತ್ತುತ್ತಿತ್ತು. ಹಾಗಾಗಿ ಹೊಟ್ಟೆ ಮೊದಲು, ಮೂತ್ರ ಆಮೇಲೆ. ಮಕ್ಕಳ ವೈದ್ಯರೊಂದಿಗೆ ಮಾತನಾಡಿದೆ. ಅವರು ಮಲವನ್ನು ಮೆದುಗೊಳಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಮೊದಲು ಹೆಚ್ಚು ಪ್ರಮಾಣದಲ್ಲಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿ, ಬಳಿಕ ತಿಂಗಳುಗಟ್ಟಲೆ ದಿನವೂ ಕೊಡಬೇಕು ಎಂದರು. ಹಿಗ್ಗಿದ ಗುದನಾಳ ಮೊದಲಿನಂತಾಗಲು ಅಷ್ಟು ಕಾಲ ಬೇಕು.

ಆಮೇಲೆ ಕೂರುವ ಭಂಗಿ. ಮನೆಯಲ್ಲಿ ಕಮೋಡ್ ಇತ್ತು. ಚಿಕಿತ್ಸಾ ಕೊಠಡಿಯ ಎತ್ತರದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಪಾದಗಳನ್ನು ನೋಡಿದೆ. ನೆಲ ಹುಡುಕುತ್ತಾ ಹೆಬ್ಬೆರಳುಗಳು ಕೆಳಗೆ ಚಾಚಿದ್ದವು, ಮೀನಖಂಡ ಕಲ್ಲಾಗಿತ್ತು, ಬೀಳುವ ಭಯಕ್ಕೆ ತೊಡೆಗಳು ಒಂದಕ್ಕೊಂದು ಅಂಟಿದ್ದವು. ಕಾಲ ಕೆಳಗೆ ಸ್ಟೂಲ್ ಇಟ್ಟೆ. ಮಂಡಿ ಸೊಂಟಕ್ಕಿಂತ ಮೇಲೆ ಬಂತು, ಕಾಲುಗಳನ್ನು ಅಗಲಿಸಿ, ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲಿಟ್ಟಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಜ್ಜಿಗೆ ತಕ್ಷಣ ತಿಳಿಯಿತು: “ಇದು ನಾವು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ ಹಾಗೆಯೇ ಅಲ್ಲವೇ?” ಹೌದು, ಅದೇ. ಆದರೆ ಮನೆಯ ಮಣೆಯನ್ನು ಕಕ್ಕಸಿಗೆ ಕೊಡಲು ಅವರು ಒಪ್ಪಲಿಲ್ಲ, ಮೊಮ್ಮಗಳಿಗೆಂದೇ ಹೊಸ ಪ್ಲಾಸ್ಟಿಕ್ ಸ್ಟೂಲ್ ತಂದರು.

ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ತಿಂಡಿ ಮತ್ತು ರಾತ್ರಿ ಊಟವಾದ ಇಪ್ಪತ್ತು ನಿಮಿಷಕ್ಕೆ ಐದೇ ನಿಮಿಷ ಕೂರುವುದು, ಬಂದರೂ ಸರಿ, ಬಾರದಿದ್ದರೂ ಸರಿ. ಕೂತಾಗ ತಿಣುಕುವಂತಿಲ್ಲ. ಜಾತ್ರೆಯಲ್ಲಿ ಸಿಗುವ ಪೀಪಿ ಕೊಟ್ಟು ಊದಿಸಿದೆ. ಊದುವಾಗ ಹೊಟ್ಟೆ ಮುಂದೆ ಬರಬೇಕು, ಕೆಳಗೆ ಸಡಿಲವಾಗಬೇಕು. ಅವಳ ಕೈಯನ್ನೇ ಹೊಟ್ಟೆಯ ಮೇಲಿಟ್ಟು ತೋರಿಸಿದೆ. ಮೂರನೇ ಭೇಟಿಯಲ್ಲಿ “ಕೆಳಗೆ ಬಾಗಿಲು ತೆರೆದ ಹಾಗಾಯಿತು ಆಂಟಿ” ಎಂದಳು. ನನಗೆ ಬೇಕಾಗಿದ್ದ ಮಾತು ಅದೇ. ಮೂತ್ರಕ್ಕೂ ಇದೇ ಭಂಗಿ, ಎರಡೂವರೆ ಗಂಟೆಗೊಮ್ಮೆ. ಮುಗಿದ ಮೇಲೆ ಎದ್ದು ನಿಂತು, ಇಪ್ಪತ್ತು ಎಣಿಸಿ, ಮತ್ತೆ ಕೂತು ಉಳಿದದ್ದನ್ನು ಬಿಡುವುದು. ಕೆಲವು ಮಕ್ಕಳಿಗೆ ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಎರಡೂ ಬದಿ ಪ್ಯಾಡ್ ಅಂಟಿಸಿ 10 ಹರ್ಟ್ಜ್‌ನ ಟೆನ್ಸ್, ಅಂದರೆ ಚರ್ಮದ ಮೂಲಕ ನರಗಳಿಗೆ ಹಗುರವಾದ ವಿದ್ಯುತ್ ಮಿಡಿತ, ಕೊಡುತ್ತೇನೆ, ಇವಳಿಗೆ ಬೇಕಾಗಲಿಲ್ಲ.

ಶಾಲೆಯ ಗಂಟು ಬೇರೆಯೇ ಇತ್ತು. ಯಾಕೆ ಹೋಗುವುದಿಲ್ಲ ಎಂದು ಅವಳನ್ನೇ ಕೇಳಿದೆ. ಶೌಚಾಲಯದ ಚಿಲಕ ಮುರಿದಿದೆಯಂತೆ, ಯಾರಾದರೂ ಬಾಗಿಲು ತಳ್ಳಿಬಿಡುತ್ತಾರೆಂದು ಭಯ. ಅದಕ್ಕೆ ನೀರನ್ನೂ ಕುಡಿಯುತ್ತಿರಲಿಲ್ಲ. ತಾಯಿ ನನ್ನ ಪತ್ರ ಹಿಡಿದು ತರಗತಿಯ ಶಿಕ್ಷಕಿಯನ್ನು ಕಂಡರು. ಆ ವಾರವೇ ಚಿಲಕ ಹಾಕಿಸಿ, ಹತ್ತೂವರೆಗೆ ಮತ್ತು ಊಟದ ಬಿಡುವಿನಲ್ಲಿ ತಪ್ಪದೆ ಕಳುಹಿಸಿದ ಆ ಶಿಕ್ಷಕಿಗೆ ನಾನು ಋಣಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಶುರುಮಾಡಿದ್ದು ಒಳ್ಳೆಯ ಕೆಲಸ. ಆದರೆ ಕುಡಿದ ನೀರು ಹೊರಹೋಗಲು ಚಿಲಕವಿರುವ ಬಾಗಿಲು ಬೇಕು. ನಮ್ಮ ಎಷ್ಟೋ ಹೆಣ್ಣುಮಕ್ಕಳು ಇಷ್ಟಕ್ಕಾಗಿ ನರಳುತ್ತಿದ್ದಾರೆ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಐದನೇ ವಾರಕ್ಕೆ ಚಡ್ಡಿಯ ಕಲೆ ನಿಂತಿತು. ಒದ್ದೆಯಾಗುವುದು ನಿಲ್ಲಲು ಮೂರು ತಿಂಗಳು ಹಿಡಿಯಿತು. ಯುಗಾದಿಗೆ ಊರಿಗೆ ಹೋದಾಗ ಮತ್ತೆ ಶುರುವಾಯಿತೆಂದು ತಾಯಿ ಅಳುತ್ತಾ ಫೋನ್ ಮಾಡಿದರು. ಮಲದ ಕಾಲಂ ನೋಡಿ ಎಂದೆ. ನಾಲ್ಕು ದಿನ ಖಾಲಿ. ಪುಡಿಯ ಡಬ್ಬಿ ದಾವಣಗೆರೆಯಲ್ಲೇ ಉಳಿದಿತ್ತು, ಸ್ಟೂಲ್ ಕೂಡ. ಹಿಂದಿರುಗಿ ಮತ್ತೆ ಎಲ್ಲವನ್ನೂ ಶುರುಮಾಡಿದ ಮೇಲೆ ಹತ್ತು ದಿನಕ್ಕೆ ಸರಿಹೋಯಿತು. ಪುಡಿ ಇನ್ನೂ ನಡೆಯುತ್ತಿದೆ, ಪ್ರಮಾಣವನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರವಾದ ಮೇಲೆ, ಹೊಸ ತರಗತಿಯ ಶೌಚಾಲಯ ಹೇಗಿದೆ ಎಂದು ನೋಡಿಕೊಂಡು ಬರಲು ಹುಡುಗಿಗೇ ಹೇಳಿದ್ದೇನೆ.